ಬದಲಿ ಬಂತಾ, ಪೊರ್ಬುಗಳೇ?

ಒಮಾನಿನಲ್ಲಿ ಸಲಾಲಾಕ್ಕೆ ಹೋಗುವ ರಸ್ತೆಯಲ್ಲಿ, ಎತ್ತ ನೋಡಿದರೂ ಜಲ್ಲಿಕಲ್ಲಿನ ಬಯಲೇ ಇರುವ ಕಡೆ ನಮ್ಮ ಕ್ಯಾಂಪ್ ಇತ್ತು. ರಸ್ತೆ ರಿಪೇರಿಯ ಕೆಲಸ, ಒಂಬತ್ತು ಜನ. ಎಂಬತ್ತರ ದಶಕದ ಕೊನೆಯ ಮಾತು. ನಾನು ಸ್ಟೋರ್‌ಕೀಪರ್. ಇಂಗ್ಲಿಷ್ ಬರುತ್ತದೆ ಎಂಬ ತಪ್ಪಿಗೆ ಮಸ್ಕತ್ ಆಫೀಸಿನ ಜೊತೆ ವೈರ್‌ಲೆಸ್‌ನಲ್ಲಿ ಮಾತಾಡುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು.

ಅಡುಗೆಗೆ ಉಳ್ಳಾಲದ ಬ್ಯಾರಿ ಕಾಕ. ಊರಿನಲ್ಲಿ ನಮ್ಮಂಥ ಕೊಂಕಣಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆಯೇ ಅವರು ನನ್ನನ್ನು ‘ಪೊರ್ಬುಗಳೇ’ ಎನ್ನುತ್ತಿದ್ದರು. ಆ ಮರಳುಗಾಡಿನಲ್ಲಿ ಆ ಕರೆ ಕೇಳಿದರೆ ನನಗೆ ಅರ್ಧ ಹೊಟ್ಟೆ ತುಂಬುತ್ತಿತ್ತು.

ಅವರ ದೊಡ್ಡ ಮಗಳ ನಿಕಾಹ್‌ಗೆ ಒಂದು ತಿಂಗಳೂ ಉಳಿದಿರಲಿಲ್ಲ. ಆದರೆ ಕ್ಯಾಂಪಿನ ಕಾನೂನು ಗಟ್ಟಿ: ಬದಲಿ ಅಡುಗೆಯವನು ಬಂದು ಸೌಟು ಹಿಡಿಯುವವರೆಗೆ ಇದ್ದವನು ರಜೆ ಹೋಗುವ ಹಾಗಿಲ್ಲ. ಪ್ರತಿ ಶನಿವಾರ ನಾನು ವೈರ್‌ಲೆಸ್ ಇಟ್ಟ ಕೂಡಲೇ ಕಾಕ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. "ಬದಲಿ ಬಂತಾ, ಪೊರ್ಬುಗಳೇ?"

"ಬರುವ ವಾರ ಅಂತೆ ಕಾಕ."

ಸುಳ್ಳು. ಕಳಿಸಲು ಜನ ಇಲ್ಲ, ಬೇಸಿಗೆ ಮುಗಿಯುವವರೆಗೆ ಕೇಳಬೇಡಿ ಎಂದು ಆಫೀಸಿನವರು ಆಗಲೇ ಹೇಳಿಬಿಟ್ಟಿದ್ದರು. ಆ ಮುಖಕ್ಕೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅವರೋ, ಒಳ್ಳೆಯ ಸುದ್ದಿ ತಂದವನೆಂದು ನನ್ನ ತಟ್ಟೆಗೆ ಒಂದು ತುಂಡು ಮೀನು ಹೆಚ್ಚು ಹಾಕುತ್ತಿದ್ದರು.

ಶುಕ್ರವಾರ ನಮಾಜು, ಬಿರಿಯಾನಿ ಮುಗಿದ ಮೇಲೆ ಮೆಸ್ಸಿನಲ್ಲಿ ವೀಡಿಯೊ. ಇಂಗ್ಲಿಷ್ ಸಿನಿಮಾ ಆದರೆ ಪಕ್ಕದಲ್ಲಿ ಕೂತು ನಾನು ಕನ್ನಡ, ತುಳು, ಹಿಂದಿ ಬೆರೆಸಿ ಅದರ ಮಾತು ಹೇಳಬೇಕು. ನನ್ನ ಬಾಯಲ್ಲಿ ಎಷ್ಟೋ ಕತೆ ಮೂಲಕ್ಕಿಂತ ಚೆನ್ನಾಗಿದ್ದವು, ಹೇಳುವವರು ಬೇರೆ ಯಾರೂ ಇಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ಆ ಶುಕ್ರವಾರದ ಕ್ಯಾಸೆಟ್ಟು ನಮ್ಮ ಬ್ರಿಟಿಷ್ ಸೈಟ್ ಇಂಜಿನಿಯರ್ ಬಿಟ್ಟುಹೋದದ್ದು. ಅವರದೇ ದೇಶದ ಯುದ್ಧದ ಸಿನಿಮಾ. ಹಾಡಿಲ್ಲ, ಹೆಂಗಸರಿಲ್ಲ. ಬೋಳು ಗುಡ್ಡದ ಮೇಲೆ ಹತ್ತು ಹನ್ನೆರಡು ಸೈನಿಕರು, ಗಡ್ಡದಲ್ಲಿ ಮಣ್ಣು, ಡಬ್ಬಿಯಲ್ಲಿ ತಳ ಕಂಡ ನೀರು. ಬೇರೆ ತುಕಡಿ ಬರುವವರೆಗೆ ಜಾಗ ಬಿಡಬಾರದು ಎಂದು ಅಪ್ಪಣೆ. ಕಾಕನಿಗೆ ಮದ್ದುಗುಂಡಿನ ಚಿಂತೆಯೇ ಇರಲಿಲ್ಲ. "ಇವರಿಗೆ ಅಡುಗೆ ಯಾರು ಮಾಡುವುದು?" ಎಂದರು. ಆಮೇಲೆ ಹತ್ತು ನಿಮಿಷಕ್ಕೊಮ್ಮೆ, "ಇವರಿಗೆ ಬದಲಿ ಬಂತಾ?"

ರೇಡಿಯೊ ಹಿಡಿದ ಹುಡುಗನಿಗೆ ಆ ಕಡೆಯಿಂದ ಉತ್ತರ ಬಂತು: ಯಾರೂ ಇಲ್ಲ, ಇದ್ದಷ್ಟು ಜನ ಸುಧಾರಿಸಿಕೊಳ್ಳಿ. ನಾನು ಅಭ್ಯಾಸಬಲದಿಂದ, "ನಾಳೆ ಕಳಿಸ್ತಾರಂತೆ" ಎಂದೆ.

ಕಾಕ ಟಿವಿಯನ್ನೇ ನೋಡುತ್ತಿದ್ದರು. "ಹಾಗೆ ಹೇಳಿದ ಹಾಗೆ ಕಾಣುವುದಿಲ್ಲ ಮಾರಾಯ್ರೆ. ಆ ಹುಡುಗನ ಮುಖ ನೋಡಿ. ಶನಿವಾರ ವೈರ್‌ಲೆಸ್ ಇಟ್ಟ ಮೇಲೆ ನಿಮ್ಮ ಮುಖವೂ ಹೀಗೇ ಇರ್ತದೆ."

ನಾನು ಎದ್ದು ವಿಸಿಆರ್ ಬಂದ್ ಮಾಡಿದೆ. ಎಲ್ಲರ ಎದುರಿಗೇ ನಿಜ ಹೇಳಿದೆ.

ಅವರು ಬೈದಿದ್ದರೆ ಸುಲಭವಾಗುತ್ತಿತ್ತು. "ಮೊದಲೇ ಹೇಳಿದ್ರೆ ತಾರೀಕಾದ್ರೂ ಮುಂದೆ ಹಾಕಿಸ್ತಿದ್ದೆ" ಎಂದಷ್ಟೇ ಹೇಳಿ ಪಾತ್ರೆ ತೊಳೆಯಲು ಹೋದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ವೈರ್‌ಲೆಸ್‌ನಲ್ಲಿ ಹೇಳಿದೆ: ಬದಲಿ ಸಿಕ್ಕಿದ್ದಾನೆ, ಕ್ಯಾಂಪಿನಲ್ಲೇ ಇದ್ದಾನೆ. ಯಾರು ಎಂದು ಕೇಳಿದರು. ನಾನೇ ಎಂದೆ. ಆ ಕಡೆ ಯಾರೋ ನಕ್ಕದ್ದು ಕೇಳಿಸಿತು. ಆಮೇಲೆ ಮ್ಯಾನೇಜರ್ ದನಿ: "ಸ್ಟೋರ್ ಕೆಲಸವೂ ನಡೀಬೇಕು. ಖಲಾಸ್, ಅವನನ್ನು ಕಳಿಸು."

ನೀರಿನ ಟ್ಯಾಂಕರ್ ಬರಲು ಮೂರು ದಿನವಿತ್ತು. ಆ ಮೂರು ದಿನ ಕಾಕ ನನ್ನನ್ನು ಒಲೆಯ ಮುಂದೆ ನಿಲ್ಲಿಸಿ ಕಲಿಸಿದರು. ಉಪ್ಪು ಎಷ್ಟು ಎಂದು ಕೇಳಿದರೆ, "ಅದು ಕೈಗೆ ಗೊತ್ತಾಗ್ತದೆ" ಎನ್ನುತ್ತಿದ್ದರು. ನನ್ನ ಕೈಗೆ ಕೊನೆಗೂ ಗೊತ್ತಾಗಲಿಲ್ಲ. ಅವರು ಟ್ಯಾಂಕರ್ ಹತ್ತಿ ಹೋದ ಮೇಲೆ ಎರಡು ತಿಂಗಳು ಎಂಟು ಜನ ಅದನ್ನು ಅನುಭವಿಸಿದರು. ಕ್ಯಾಂಪಿನ ಪಠಾಣ ಡ್ರೈವರ್ ದಿನಾ ತಟ್ಟೆ ನೋಡಿ, ಕಾಕನ ಕ್ಷೇಮಸಮಾಚಾರ ವಿಚಾರಿಸುತ್ತಿದ್ದ.

ಕಾಕ ನಿಕಾಹ್‌ನ ಫೋಟೊ, ಹಲ್ವ ಹಿಡಿದುಕೊಂಡು ವಾಪಸು ಬಂದರು. ಶುಕ್ರವಾರ ಅವರೇ ಕ್ಯಾಸೆಟ್ಟು ಹುಡುಕಿ ತಂದು, "ಉಳಿದದ್ದು ಹಾಕಿ. ಈ ಸಲ ಇದ್ದದ್ದನ್ನೇ ಹೇಳಬೇಕು" ಎಂದರು. ಇದ್ದದ್ದನ್ನೇ ಹೇಳಿದೆ. ಗುಡ್ಡಕ್ಕೆ ಯಾರೂ ಬರಲಿಲ್ಲ. ರೇಡಿಯೊ ಹುಡುಗನೂ ಉಳಿಯಲಿಲ್ಲ.

ಕಾಕ ಭುಜದ ಬೈರಾಸಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹಲ್ವದ ತಟ್ಟೆಯನ್ನು ನನ್ನ ಕಡೆ ತಳ್ಳಿ, "ಪಾಪದ ಮಕ್ಕಳು. ಸಾರಿಗೆ ಉಪ್ಪು ಜಾಸ್ತಿ ಹಾಕುವ ಒಬ್ಬ ಪೊರ್ಬು ಸಹ ಅವರಿಗೆ ಸಿಗಲಿಲ್ಲ" ಎಂದರು.