ಉಡಾಕೋ, ಕೊಡಾಕೋ?

ದೊಡ್ಡವ್ವನ ಬೆರಳುಗಳಿಗೆ ಪಾಲಿಸ್ಟರ್ ಸೀರೆ ಸಿಕ್ಕಿಕೊಳ್ಳುತ್ತಿತ್ತು. ದಿನಾ ನಸುಕಿನಲ್ಲಿ ರೊಟ್ಟಿ ಬಡಿದು ಬಡಿದು ಅವಳ ಬೆರಳ ತುದಿಯ ಚರ್ಮ ಒಡೆದು ಒರಟಾಗಿತ್ತು. ಅಂಥ ಸೀರೆಯ ಮೇಲೆ ಕೈಯಾಡಿಸಿದರೆ ಚರಚರ ಎಂದು ಸದ್ದಾಗಿ ಒಂದೆರಡು ಎಳೆ ಕಿತ್ತು ಬೆರಳಿನ ಜೊತೆಗೇ ಬರುತ್ತಿದ್ದವು. ಆ ಎಳೆಯನ್ನು ಬೆಳಕಿಗೆ ಹಿಡಿದು ಮುಖ ಕಿವುಚಿಕೊಂಡು ಹೇಳುತ್ತಿದ್ದಳು: "ಇದಕ್ಕ ಅರಿವಿ ಅಂತ ಯಾವ ಬಾಯಿಲೆ ಅನ್ನೂದವ್ವಾ? ಉಟ್ರ ಬೆವರು ಕುಡಿಯಂಗಿಲ್ಲ. ಹರದರ ನೆಲಾ ಒರಸಾಕೂ ಬರಂಗಿಲ್ಲ."

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಅವಳ ಮನೆ ಶಿಗ್ಗಾಂವದಲ್ಲಿ. ನಮ್ಮದು ದುಂಡಸಿಯ ಕಡೆಯ ಹಳ್ಳಿ. ಹತ್ತನೆಯ ಇಯತ್ತೆ ಮುಗಿದ ಮೇಲೆ ದಿನಾ ಬಸ್ಸಿಗೆ ಜೋತುಬಿದ್ದು ಕಾಲೇಜಿಗೆ ಹೋಗುವುದು ಬೇಡವೆಂದು ಅಪ್ಪ ನನ್ನನ್ನು ಅವಳ ಮನೆಯಲ್ಲಿ ಬಿಟ್ಟ. ದೊಡ್ಡಪ್ಪ ಒಂದು ಕಾಳುಕಡಿ ಅಂಗಡಿಯಲ್ಲಿ ಗುಮಾಸ್ತ. ಅವರಿಗೆ ಒಬ್ಬಳೇ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಒಬ್ಬನ ಸಂಬಳದಲ್ಲಿ ಮೂವರು ಉಣ್ಣುತ್ತಿದ್ದ ಆ ಮನೆಗೆ ನಾನು ನಾಲ್ಕನೆಯವಳಾಗಿ ಸೇರಿಕೊಂಡೆ. ಹಾಗೆ ಸೇರಿಕೊಂಡೆ ಎಂಬುದು ಒಂದು ದಿನವೂ ನನ್ನ ಅರಿವಿಗೆ ಬರದಂತೆ ದೊಡ್ಡವ್ವ ನೋಡಿಕೊಂಡಳು.

ನಮ್ಮ ಬಳಗದಲ್ಲಿ ಈ ಹೆಂಗಸಿಗಿದ್ದ ಹೆಸರು 'ಜಿಪುಣಿ'. ಅವಳು ತೀರಿಕೊಂಡ ಮೇಲೂ ಆ ಹೆಸರು ಸತ್ತಿಲ್ಲ. ಮೊನ್ನೆ ಒಂದು ಮದುವೆಯಲ್ಲಿ ಯಾರೋ ನಗುತ್ತ ಆ ಮಾತು ಎತ್ತಿದರು. ನನ್ನ ಮೈ ಉರಿಯಿತು, ಊಟ ಬಿಟ್ಟು ಎದ್ದು ಬಂದೆ. ಬಂದ ಸಿಟ್ಟಿನಲ್ಲೇ ಇದನ್ನು ಬರೆಯಲು ಕುಳಿತಿದ್ದೇನೆ.

ಜಿಪುಣಿಯ ಸಂಸಾರ ಹೇಗಿತ್ತು ಹೇಳುತ್ತೇನೆ, ಕೇಳಿ. ಅನ್ನಕ್ಕೆ ಚೆನ್ನಾಗಿ ಕುದಿ ಬಂದು ನೀರು ಇಂಗತೊಡಗಿದರೆ ಸಾಕು, ಗ್ಯಾಸು ಆರಿಸಿ ಪಾತ್ರೆಯನ್ನು ಹಳೆಯ ಕೌದಿಯಲ್ಲಿ ಸುತ್ತಿ ಮೂಲೆಗಿಡುತ್ತಿದ್ದಳು. ನಾವು ಜಳಕ ಮಾಡಿ ಬರುವಷ್ಟರಲ್ಲಿ ಅದು ತಾನೇ ಅರಳಿರುತ್ತಿತ್ತು. ಜಳಕದ ನೀರಿಗೆ ಗೋವಿನಜೋಳದ ಬೆಂಡು. ಸುಗ್ಗಿಯಲ್ಲಿ ಕಾಳು ಬಿಡಿಸಿ ಜನ ತಿಪ್ಪೆಗೆ ಎಸೆಯುವ ಬೆಂಡನ್ನು ನಮ್ಮ ಹಳ್ಳಿಯಿಂದ ಚೀಲಗಟ್ಟಲೆ ತರಿಸಿ ಒಲೆಗೆ ಒಟ್ಟುತ್ತಿದ್ದಳು. ಜೋಳ, ತೊಗರಿ, ಮೆಣಸಿನಕಾಯಿ ಯಾವುದನ್ನೂ ಸುಗ್ಗಿ ದಾಟಿದ ಮೇಲೆ ಕೊಂಡವಳಲ್ಲ. ಮಾಳಿಗೆಯ ಮೇಲೆ ಒಣಹಾಕಿ, ಬೇವಿನ ಸೊಪ್ಪು ಬೆರೆಸಿ ಡಬ್ಬಿಗೆ ತುಂಬಿಟ್ಟರೆ ಮುಂದಿನ ಸುಗ್ಗಿಯ ತನಕ ಕಿರಾಣಿ ಅಂಗಡಿಯವನ ಮುಖ ನೋಡುವಂತಿರಲಿಲ್ಲ. ಉಳಿದ ರೊಟ್ಟಿ ಮಾರನೆಯ ದಿನ ಪುಡಿಯಾಗಿ ಉಳ್ಳಾಗಡ್ಡಿ ಒಗ್ಗರಣೆ ಹಾಕಿಸಿಕೊಂಡು ಬರುತ್ತಿತ್ತು. ಅದಕ್ಕಾಗಿ ನಾನೂ ಅಕ್ಕನೂ ಜಗಳವಾಡುತ್ತಿದ್ದೆವು. ಇನ್ನು ಅವಳ ನೂಲಿನ ಸೀರೆ. ಹಳತಾದರೆ ಕೌದಿ, ಕೌದಿಯಲ್ಲಿ ಮಿಕ್ಕಿದ್ದು ಒಲೆಯ ಹತ್ತಿರದ ಕೈ ಅರಿವೆ, ಅದೂ ಸವೆದರೆ ನೆಲ ಒರೆಸಲಿಕ್ಕೆ. ಒಂದು ಸೀರೆ ಪೂರ್ತಿ ಸಾಯಲು ಆ ಮನೆಯಲ್ಲಿ ಬಹಳ ಕಾಲ ಹಿಡಿಯುತ್ತಿತ್ತು.

ಆದರೆ ನಮ್ಮ ತಟ್ಟೆಗೆ ಕೈ ಹಾಕಿದವಳಲ್ಲ. ನಾನು ಮೊದಮೊದಲು ಸಂಕೋಚಪಟ್ಟು ಎರಡನೆಯ ರೊಟ್ಟಿ ಬೇಡವೆಂದರೆ ಕಣ್ಣು ದೊಡ್ಡದು ಮಾಡುತ್ತಿದ್ದಳು: "ಹೊಟ್ಟ್ಯಾಗಿಂದ ತಗದು ಡಬ್ಬ್ಯಾಗ ಇಟ್ರ ಅದು ಉಳತಾಯ ಅಲ್ಲವ್ವಾ, ಕಳವು. ಸುಮ್ನ ಉಣ್ಣು." ತಾನೂ ನಮ್ಮ ಜೊತೆಗೇ ಕುಳಿತು ಹೊಟ್ಟೆತುಂಬ ಉಣ್ಣುತ್ತಿದ್ದಳು. ಎಲ್ಲರದೂ ಆದ ಮೇಲೆ ಗಡಿಗೆ ಕೆರೆದು ಉಂಡು ತ್ಯಾಗಮಯಿ ಎನಿಸಿಕೊಳ್ಳುವ ಹೆಂಗಸರನ್ನು ಕಂಡರೆ ಅವಳಿಗೆ ಮರುಕವೂ ಇತ್ತು, ಸಿಟ್ಟೂ ಇತ್ತು.

ಅವಳ ನಿಜವಾದ ಸಿಟ್ಟು ಮಾತ್ರ ಆಹೇರಿಯ ಮೇಲೆ. ನಮ್ಮ ಕಡೆ ಮದುವೆ, ಗೃಹಪ್ರವೇಶ, ತೊಟ್ಟಿಲು, ಏನೇ ಇರಲಿ, ಬೀಗರಿಗೆ, ಅವರ ಅಣ್ಣತಮ್ಮಂದಿರಿಗೆ, ಅವರ ಹೆಂಡಿರಿಗೆ ಬಟ್ಟೆ ಉಡುಗೊರೆ ಮಾಡಬೇಕು. ಅದೇ ಆಹೇರಿ. ಕೊಟ್ಟವರಿಗೆ ಅವರು ತಿರುಗಿ ಮಾಡಬೇಕು. ಆ ಸೀರೆಗಳನ್ನು ಯಾರೂ ಉಡುವುದಿಲ್ಲ. ಪ್ಲಾಸ್ಟಿಕ್ ಚೀಲದಿಂದ ಹೊರಗೂ ತೆಗೆಯುವುದಿಲ್ಲ. ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರ ಉಡಿಗೆ ದಾಟಿಸುತ್ತಾರೆ. ಹೀಗೆ ದಾಟಿಸಿದರೂ ಬಳಗ ದೊಡ್ಡದು, ಸಾಲುವುದಿಲ್ಲ, ಮತ್ತೆ ಹೊಸದು ಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರೇ ಮದುವೆಯ ಹಂಗಾಮು ಬಂದರೆ ಪಕ್ಕದ ಮನೆಯ ಹಾಸಿಗೆಯನ್ನೂ ಎಳೆದು ತರುತ್ತಾರೆ! ದೊಡ್ಡವ್ವ ಅನ್ನುತ್ತಿದ್ದಳು: "ವರ್ಷಿಡೀ ಚಮಚೇಲೆ ಉಳಸೂದು, ಬ್ಯಾಸಗಿ ಬಂದ್ರ ಕೊಡದಲೆ ಸುರಿಯೂದು. ಇದಕ್ಕ ನಾ ಗ್ಯಾಸ ಯಾಕ ಆರಸಬೇಕು?"

ಒಮ್ಮೆ ಅವಳ ಜೊತೆ ಬಟ್ಟೆ ಅಂಗಡಿಗೆ ಹೋಗಿದ್ದೆ. ಗಾದಿಯ ಮೇಲೆ ಕುಳಿತಿದ್ದ ಅಂಗಡಿಯವನು ನಗುಮುಖದಿಂದ, "ಬರ್ರಿ ಅಕ್ಕಾರ, ಕುಂತ್ರಿ. ಉಡಾಕೋ, ಕೊಡಾಕೋ?" ಎಂದ.

"ಹಂಗಂದ್ರೇನಪಾ?"

"ಉಡಾಕಂದ್ರ ಈ ಕಡೆ ತೋರಸ್ತೇನ್ರಿ. ಕೊಡಾಕಂದ್ರ ಆ ಮೂಲ್ಯಾಗ ಗಂಟ ಐತಿ. ಅವು ಅಗ್ಗ ಬೀಳ್ತಾವ. ಎಲ್ಲಾರೂ ಅವನ್ನ ಒಯ್ಯೂದ್ರಿ."

ದೊಡ್ಡವ್ವ ಕೂಡಲಿಲ್ಲ. "ಉಡಾಕ ಬರಲಾರದ್ದನ್ನ ಕೊಡಾಕ ಯಾಕ ಇಟ್ಟೀಯೋ ತಮ್ಮಾ? ನಿಮ್ಮ ಮನ್ಯಾಗ ಉಣ್ಣಾಕೊಂದು ಅನ್ನ, ನೀಡಾಕೊಂದು ಅನ್ನ ಬ್ಯಾರೆ ಬ್ಯಾರೆ ಮಾಡ್ತೀರೇನು?"

"ನನಗ್ಯಾಕ ಬೈತೀರಿ ಅಕ್ಕಾರ? ಮಂದಿ ಕೇಳ್ತಾರ, ನಾ ಇಟ್ಟೇನಿ," ಎಂದ ಅವನು. ಅವನ ಮಾತೂ ಖರೆ. ದೊಡ್ಡವ್ವ ಏನೂ ಕೊಳ್ಳದೆ ಹೊರಬಿದ್ದಳು. ಮನೆ ಮುಟ್ಟುವ ತನಕ ದಾರಿಯುದ್ದಕ್ಕೂ ಬೈಯುತ್ತಲೇ ಬಂದಳು. ಎದುರಿಗೆ ಬಂದವರು ಅವಳು ನನ್ನನ್ನೇ ಬೈಯುತ್ತಿದ್ದಾಳೆಂದು ತಿಳಿದು ನನ್ನತ್ತ ಕನಿಕರದಿಂದ ನೋಡಿದರು.

ಅದೇ ವರ್ಷ ಅಕ್ಕನಿಗೆ ಹಾವೇರಿಯಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತು. ಫೀ ತುಂಬಲು ಹೆಚ್ಚು ದಿನ ಉಳಿದಿರಲಿಲ್ಲ. ಪೋಸ್ಟ್ ಆಫೀಸಿನಲ್ಲಿ ದೊಡ್ಡವ್ವ ಕೂಡಿಸಿಟ್ಟಿದ್ದ ಹಣ ಅದಕ್ಕೆ ಸರಿಹೋಗುತ್ತಿತ್ತು. ಆದರೆ ಹಿರೇಕೆರೂರಿನಲ್ಲಿ ದೊಡ್ಡಪ್ಪನ ತಂಗಿಯ ಮಗಳ ಮದುವೆಯೂ ಆಗಲೇ ಬಂತು. ದೊಡ್ಡಪ್ಪ ಹುಡುಗಿಗೆ ಸೋದರಮಾವ. ಸೋದರಮಾವನೆಂದರೆ ಬೀಗರ ಕಡೆಯವರಿಗೆಲ್ಲ ಆಹೇರಿ ಮಾಡಲೇಬೇಕು. ಎರಡಕ್ಕೂ ಆಗುವಷ್ಟು ಹಣ ಆ ಮನೆಯಲ್ಲಿರಲಿಲ್ಲ.

ಊಟಕ್ಕೆ ಕುಳಿತಾಗ ದೊಡ್ಡಪ್ಪ ತಲೆ ತಗ್ಗಿಸಿಕೊಂಡೇ ಹೇಳಿದ: "ಮದುವಿ ನಿಲ್ಲಸಾಕ ಆಗೂದಿಲ್ಲ. ಇಕಿ ಒಂದು ವರ್ಷ ಬಿಟ್ಟು ಕಲೀಲಿ ಬಿಡು."

ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. ಒಂದು ವರ್ಷ ಬಿಡುವುದೆಂದರೆ ಏನೆಂದು ನಮಗೆಲ್ಲ ಗೊತ್ತಿತ್ತು. ಅಷ್ಟರಲ್ಲಿ ಒಂದು ಗಂಡು ಬರುತ್ತದೆ, ಅಲ್ಲಿಗೆ ಓದು ಮುಗಿಯುತ್ತದೆ.

"ಆಹೇರಿ ಮಾಡೂದು ಬ್ಯಾಡ್ರಿ," ಎಂದಳು ದೊಡ್ಡವ್ವ.

"ಮಂದಿ ಏನಂತಾರ?"

"ಏನರೆ ಅನ್ಲಿ. ಮಂದಿ ಬಂದು ಇಕಿ ಫೀ ತುಂಬತಾರೇನ್ರಿ?"

ದೊಡ್ಡಪ್ಪ ಕೈ ತೊಳೆದು ಎದ್ದ. ಬೆಳಗಾದೊಡನೆ ದೊಡ್ಡವ್ವ ಅಕ್ಕನನ್ನು ಕರೆದುಕೊಂಡು ಹಾವೇರಿಯ ಬಸ್ಸು ಹತ್ತಿದಳು. ಫೀ ತುಂಬಿಯೇ ಬಂದಳು.

ಹಿರೇಕೆರೂರಿನ ಆ ಮದುವೆಗೆ ನಾನೂ ಹೋಗಿದ್ದೆ. ಅಕ್ಕಿಕಾಳು ಬಿದ್ದು ಲಗ್ನ ಮುಗಿದ ಮೇಲೆ ಆಹೇರಿ ಶುರುವಾಯಿತು. ಯಾರಿಂದ ಯಾರಿಗೆ ಎಂದು ಒಬ್ಬ ಮೈಕಿನಲ್ಲಿ ಕೂಗುತ್ತಿದ್ದ. "ಶಿಗ್ಗಾಂವದ ಸೋದರಮಾವನವರಿಂದ" ಎಂದಾಗ ದೊಡ್ಡವ್ವ ಎದ್ದು ಮದುಮಗಳ ಉಡಿಯಲ್ಲಿ ಒಂದು ಒಳ್ಳೆಯ ನೂಲಿನ ಸೀರೆ ಇಟ್ಟಳು. ಮೈಕಿನವನು ಬೀಗರ ಹೆಸರು ಕೂಗಲು ಬಾಯಿ ತೆರೆದು ಅವಳ ಕೈಚೀಲ ನೋಡುತ್ತ ನಿಂತ. ಅದು ಬರಿದಾಗಿತ್ತು.

"ಇಷ್ಟನಪಾ. ಹುಡುಗಿ ಉಡ್ಲಿ ಅಂತ ತಂದೇನಿ. ಉಳದವ್ರಿಗೆ ನಮ್ಮ ಕಡಿಂದ ಆಹೇರಿ ಇಲ್ಲ. ನಮಗೂ ಯಾರೂ ಮಾಡಬ್ಯಾಡ್ರಿ," ಎಂದಳು. ಮೈಕು ಹತ್ತಿರವೇ ಇತ್ತು. ಪಂದಲಿಗೆಲ್ಲ ಕೇಳಿತು.

ದೊಡ್ಡಪ್ಪನ ತಂಗಿ ಓಡಿ ಬಂದಳು. "ಅಣ್ಣನ ಮಾನಾ ಮೂರಾಬಟ್ಟಿ ಮಾಡಿದ್ಯಲ್ಲ ಅತ್ತಿಗಿ! ಬೀಗರ ಮುಂದ ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?" ಎಂದು ಅಳತೊಡಗಿದಳು. ಯಾರೋ ಜಿಪುಣಿ ಎಂದರು. ಇನ್ಯಾರೋ, ಗಂಡನ ಮಾತು ಕೇಳದ ಹೆಂಗಸೆಂದರು. ಅಷ್ಟು ಜನರ ಕಣ್ಣು ದೊಡ್ಡಪ್ಪನತ್ತ ತಿರುಗಿತು. ದೊಡ್ಡವ್ವನೂ ಅವನತ್ತಲೇ ನೋಡಿದಳು. ದೊಡ್ಡಪ್ಪ ಪಂದಲಿನ ಬಾಗಿಲಲ್ಲಿ ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದ.

ಉಣ್ಣದೆ ಹೊರಟೆವು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಬೇಕಿತ್ತು. ದೊಡ್ಡಪ್ಪ ಬೇರೆ ಬೆಂಚಿನ ಮೇಲೆ, ನಮಗೆ ಬೆನ್ನು ಮಾಡಿ ಕುಳಿತ. ದೊಡ್ಡವ್ವ ಚುರಮುರಿಯ ಗಿರಮಿಟ್ಟು ಕಟ್ಟಿಸಿಕೊಂಡು ಬಂದು ಮೊದಲು ಅವನಿಗೆ ಕೊಡಹೋದಳು. ಅವನು ಮುಖ ತಿರುಗಿಸಿದ. ನನಗೆ ಕೊಟ್ಟು ತಾನೂ ತಿಂದಳು. ತಿನ್ನುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು.

"ಮಂದಿ ಅಂದದ್ದು ನನಗ ಹತ್ತಂಗಿಲ್ಲವ್ವಾ," ಎಂದಳು ನನಗೆ, ಅವನಿಗೆ ಕೇಳದಷ್ಟು ಮೆಲ್ಲಗೆ. "ಇವ್ರು ಒಂದು ಮಾತು, 'ಹೌದು, ಇಬ್ರೂ ಮಾತಾಡಿಕೊಂಡ ಬಂದೇವಿ' ಅಂದಿದ್ರ ಸಾಕಿತ್ತು. ಸುಳ್ಳ ಆಗಿದ್ರೂ ನಡೀತಿತ್ತು."

ಆಮೇಲೆ ಬಳಗದವರು ಕೆಲವರು ಆ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟರು. ಲಗ್ನಪತ್ರಿಕೆ ಬಂದರೂ ದೊಡ್ಡಪ್ಪನ ಕೈಗೆ, ಅಂಗಡಿಗೆ ಬರುತ್ತಿತ್ತು. ದೊಡ್ಡವ್ವ ಕರೆದಲ್ಲಿಗೆ ಹೋಗುತ್ತಿದ್ದಳು. ಉಡುವಂಥದ್ದಿದ್ದರೆ ಕೊಡುತ್ತಿದ್ದಳು, ಇಲ್ಲವಾದರೆ ಅಕ್ಷತೆ ಹಾಕಿ ಬರುತ್ತಿದ್ದಳು. ಮಾತು ಮಾತ್ರ ಬದಲಿಸಲಿಲ್ಲ. ಅಕ್ಕ ಕಲಿತು ಮುಗಿಸಿ ಸವಣೂರಿನ ದವಾಖಾನೆಯಲ್ಲಿ ನರ್ಸ್ ಆದಳು. ಆಗ ನೋಡಬೇಕಿತ್ತು ಈ ಮಂದಿಯ ನಾಲಿಗೆ! ಹಿರೇಕೆರೂರಿನ ಅದೇ ತಂಗಿ ಮೊಣಕಾಲುನೋವು ಹೊತ್ತುಕೊಂಡು ಸವಣೂರಿಗೇ ಬಂದಳು. "ನಮ್ಮ ಅಣ್ಣನ ಮಗಳು ಇಲ್ಲೇ ಇದ್ದಾಳ್ರಿ" ಎಂದು ಇಡೀ ವಾರ್ಡಿಗೆ ಕೇಳುವಂತೆ ಹೇಳಿಕೊಂಡಳು. ಅಕ್ಕ ಬಿಸಿ ಚಹಾ ತರಿಸಿ ಕೊಟ್ಟಳು. ನಾನಾಗಿದ್ದರೆ ಚಹಾದ ಜೊತೆಗೆ ಹಳೆಯದೊಂದಿಷ್ಟು ನೆನಪು ಮಾಡಿಕೊಟ್ಟು ಕಳಿಸುತ್ತಿದ್ದೆ.

ನಾನು ಓದಿ ಕೆಲಸಕ್ಕೆ ಸೇರಿದ್ದು ಆ ಮನೆಯ ಅನ್ನದಿಂದ. ಅದನ್ನು ತೀರಿಸುವ ಮಾತು ಎತ್ತಿದಾಗೆಲ್ಲ ದೊಡ್ಡವ್ವ, "ಉಂಡದ್ದು ಮೈಗೆ ಹತ್ತೈತಿಲ್ಲ? ಮುಗೀತು," ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಹೋದ ಬೇಸಿಗೆಯಲ್ಲಿ, ನೆಲ ಕಾದ ಹೆಂಚಿನಂತಿದ್ದ ದಿನಗಳಲ್ಲಿ ಎದೆನೋವು ಎಂದ ದೊಡ್ಡವ್ವ, ಅಕ್ಕ ಸವಣೂರಿನಿಂದ ಬರುವಷ್ಟರಲ್ಲಿ ಹೋಗಿಬಿಟ್ಟಳು. ನಾನು ಮನೆ ಮುಟ್ಟಿದಾಗ ಗೋಡೆಗೆ ಆನಿಸಿ ಕೂಡಿಸಿ ಹಣೆಗೆ ದೊಡ್ಡ ಕುಂಕುಮ ಇಟ್ಟಿದ್ದರು. ನಮ್ಮಲ್ಲಿ ಮುತ್ತೈದೆ ಸತ್ತರೆ ನೆಂಟರು ಸೀರೆ ತಂದು ಹೊದಿಸುತ್ತಾರೆ. ಹೊಸ್ತಿಲು ಬಿಟ್ಟವರೆಲ್ಲ ಅಂದು ಬಂದಿದ್ದರು. ಬರಿಗೈಯಲ್ಲಿ ಬಂದವರು ಒಬ್ಬರೂ ಇಲ್ಲ. ಮೊದಲು ಹೊದಿಸಿದವಳು ಹಿರೇಕೆರೂರಿನವಳೇ. ಮಿರಮಿರ ಮಿಂಚುವ ಗುಲಾಬಿ ಪಾಲಿಸ್ಟರ್. ಅದರ ಮೇಲೆ ಹಸಿರು, ಅದರ ಮೇಲೆ ಕೆಂಪು. ಮಡಿಕೆ ಬಿಚ್ಚುವ ಸದ್ದು ಕೇಳುತ್ತಲೇ ಇತ್ತು. ದೊಡ್ಡವ್ವನ ಮುಖವೊಂದೇ ಕಾಣುತ್ತಿತ್ತು. ಹೆಣಕ್ಕೆ ಬಾಯಿಲ್ಲವೆಂದು ಜಗತ್ತಿನ ಆಹೇರಿಯನ್ನೆಲ್ಲ ತಂದು ಅವಳ ಮೇಲೆ ಹೇರುತ್ತಿದ್ದರು. ನನಗೆ ಕಿರುಚಬೇಕೆನಿಸಿತು. ಅಕ್ಕ ನನ್ನ ಮಣಿಕಟ್ಟು ಹಿಡಿದು ತಡೆದಳು.

ಆಗ ಚಾಪೆಯ ಮೇಲೆ ಕುಳಿತಿದ್ದ ದೊಡ್ಡಪ್ಪ ಗೋಡೆ ಹಿಡಿದು ಎದ್ದ.

"ತಗೀರಿ ಅವನ್ನೆಲ್ಲಾ," ಎಂದ. "ಆಕೀಗೆ ಶೆಕಿ ತಡಿಯಾಂಗಿಲ್ಲ."

ಅವನ ತಂಗಿ, "ಅಣ್ಣಾ, ಮುತ್ತೈದಿ ಸಾವು, ಸೀರಿ ಹೊದಸದ ಹೆಂಗ ಕಳಸೂದು?" ಎಂದಳು. ಅವನು ಅವಳತ್ತ ನೋಡಲೂ ಇಲ್ಲ. ತಾನೇ ಬಗ್ಗಿ ಒಂದೊಂದೇ ಸೀರೆ ತೆಗೆದು, ತಂದವರ ಕೈಗೇ ತಿರುಗಿ ಕೊಟ್ಟ. "ಆಕಿ ಇವನ್ನ ಬ್ಯಾಡಂದಿದ್ಲು. ನಾನೂ ಬ್ಯಾಡಂತೇನಿ," ಎಂದ. ಕೊನೆಗೆ ಅವಳು ಉಟ್ಟಿದ್ದ ನೂಲಿನ ಸೀರೆಯೊಂದೇ ಉಳಿಯಿತು. ಅದರಲ್ಲೇ ಅವಳನ್ನು ಮಣ್ಣಿಗೆ ಒಯ್ದರು.

ಈಗ ನಮ್ಮ ಬಳಗದಲ್ಲಿ ಈ ಕತೆಯನ್ನು ಕಣ್ಣೀರು ಹಾಕಿಕೊಂಡು ಹೇಳುತ್ತಾರೆ. ಹೆಂಡತಿಯ ಮೇಲೆ ಎಂಥ ಜೀವ ಇಟ್ಟಿದ್ದ ನೋಡು ಎನ್ನುತ್ತಾರೆ. ದೊಡ್ಡಪ್ಪ ಕೆಟ್ಟವನಲ್ಲ. ಹೋದಾಗ ಅವನ ಹತ್ತಿರ ಕೂಡುತ್ತೇನೆ, ಚಹಾ ಮಾಡಿಕೊಡುತ್ತೇನೆ. ಆದರೆ ಆ ಕತೆ ಕೇಳಿದಾಗ ಮಾತ್ರ ನನಗೆ ಕಣ್ಣೀರು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಮಾತನ್ನು ಅವನು ಹಿರೇಕೆರೂರಿನ ಪಂದಲಿನಲ್ಲಿ ಆಡಬೇಕಿತ್ತು. ಅಲ್ಲಿ ಕೇಳಲು ಅವಳಿದ್ದಳು.