ಮಡಚಿಟ್ಟ ಎರಡು ಗಂಟೆ

ಅಂಬರೀಶನಿಗೆ ಉಲ್ಹಾಸನಗರದಲ್ಲಿ ಕಂಪ್ಯೂಟರ್ ರಿಪೇರಿಯ ಪುಟ್ಟ ಅಂಗಡಿ, ಡೊಂಬಿವಲಿಯಲ್ಲಿ ಬಾಡಿಗೆ ಮನೆ. ಪುಣ್ಯಾತ್ಮನ ಕೈಚಳಕಕ್ಕೆ ಕಡಿಮೆಯಿಲ್ಲ; ಸೋಮಾರಿತನಕ್ಕೂ ಕಡಿಮೆಯಿಲ್ಲ. ಆ ಸೋಮಾರಿತನ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅಂತ ಹೇಳ್ತೇನೆ, ಕೇಳಿ.

ಎದುರು ಮನೆಯ ದೇಜಪ್ಪಣ್ಣ ಮೂವತ್ತು ವರ್ಷ ಹೋಟೆಲಿನಲ್ಲಿ ದೋಸೆ ಹೊಯ್ದವರು, ಈಗ ನಡುಕದ ಕಾಯಿಲೆ. ನಾಲ್ಕು ಗಂಟೆಗೊಮ್ಮೆ ಮಾತ್ರೆ ಬೀಳಲೇಬೇಕು, ತಡವಾದರೆ ಮೈ ಮರಗಟ್ಟುತ್ತದೆ. ಅವರ ಹೆಂಡತಿ ಪ್ರಿಯಂವದಕ್ಕನ ಕಷ್ಟ ನೋಡಲಾರದೆ ಅಂಬರೀಶ ಒಂದು ಹಳೇ ಲ್ಯಾಪ್‌ಟಾಪ್ ತಂದಿಟ್ಟ, ಒಳಗೆ ತಾನೇ ಬರೆದ ಪ್ರೋಗ್ರಾಂ. ಮಾತ್ರೆ ಕೊಟ್ಟು ಗುಂಡಿ ಒತ್ತಿದರೆ, ನಾಲ್ಕು ಗಂಟೆ ಎಣಿಸಿ ಬೆಲ್ ಹೊಡೆಯುತ್ತದೆ. ಅಕ್ಕ ಅದಕ್ಕೆ ಕುಂಕುಮ ಹಚ್ಚಿದರು.

ಅಕ್ಕನಿಗೊಂದು ಅಭ್ಯಾಸ. ಮಧ್ಯಾಹ್ನ ಎರಡಕ್ಕೆ ಊಟವಾದ ಮೇಲೆ ಹೊಲಿಗೆ ಮೆಶಿನಿಗೆ ಹೊದೆಸುವ ಹಾಗೆ ಲ್ಯಾಪ್‌ಟಾಪನ್ನೂ ಮಡಚಿ ಬಟ್ಟೆ ಹೊದೆಸುವುದು. ಧೂಳಲ್ವಾ! ಮಡಚಿದರೆ ಅದು ನಿದ್ದೆಗೆ ಹೋಗುತ್ತದೆ, ಜೊತೆಗೆ ಎಣಿಕೆಯೂ. ತೆರೆದಾಗ ಪರದೆಯ ಮೂಲೆಯ ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತದೆ. ಲ್ಯಾಪ್‌ಟಾಪ್ ಮಲಗಿದರೂ ಗಡಿಯಾರ ಮಲಗುವುದಿಲ್ಲ. ಪ್ರೋಗ್ರಾಂ ಮಾತ್ರ ನಿಲ್ಲಿಸಿದಲ್ಲಿಂದ ಎಣಿಸುತ್ತದೆ. ಎದ್ದ ಕೂಡಲೇ ಗಡಿಯಾರವನ್ನು ಕೇಳಿ ಲೆಕ್ಕ ಸರಿಮಾಡಿಕೋ ಅಂತ ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಅಂಬರೀಶನಿಗೆ ಅದು ಗೊತ್ತಿತ್ತು. ಆಮೇಲೆ ಬರೆದರಾಯಿತು ಅಂದುಕೊಂಡಿದ್ದ.

ಹನ್ನೆರಡಕ್ಕೆ ಮಾತ್ರೆ ಕೊಟ್ಟ ಅಕ್ಕ ನಾಲ್ಕಕ್ಕೆ ತೆರೆದು ನೋಡಿದರೆ 'ಇನ್ನೂ ಎರಡು ಗಂಟೆ' ಅಂತ ಇರುತ್ತಿತ್ತು. "ಹಾಗಾದರೆ ನಾನು ಎರಡಕ್ಕೆ ಕೊಟ್ಟದ್ದಿರಬೇಕು" ಅಂತ ಸುಮ್ಮನಾಗುತ್ತಿದ್ದರು. ಕಂಪ್ಯೂಟರ್ ಸುಳ್ಳು ಹೇಳುತ್ತದಾ? ಹೀಗೇ ಒಂದು ಸಂಜೆ ದೇಜಪ್ಪಣ್ಣ ಬಚ್ಚಲಿಗೆ ಹೋಗುವಾಗ ಕಾಲು ಏಳದೆ ಬಿದ್ದು ಸೊಂಟ ಮುರಿದುಕೊಂಡರು.

ಮರುದಿನ ಅಂಬರೀಶ ಲ್ಯಾಪ್‌ಟಾಪ್ ತೆರೆದು ನೋಡಿದ. ಗುಂಡಿ ಒತ್ತಿದ ಹೊತ್ತೆಲ್ಲ ಅದರಲ್ಲಿ ದಾಖಲಾಗಿತ್ತು. ದಿನವೂ ಹನ್ನೆರಡು, ಆಮೇಲೆ ನಾಲ್ಕರ ಬದಲು ಆರು. ತನ್ನದೇ ತಪ್ಪು ಅಂತ ಗೊತ್ತಾದರೂ ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಬಂದವರಿಗೆಲ್ಲ ಅಕ್ಕ "ನನ್ನದೇ ತಪ್ಪು, ನನಗೆ ಮರೆವು ಹಿಡಿದಿದೆ" ಅನ್ನುವಾಗ ಪಕ್ಕದಲ್ಲೇ ಕೂತು ಮೂಸಂಬಿ ಸುಲಿಯುತ್ತಿದ್ದ. ಥೂ, ನಾನೂ ಒಬ್ಬ ಮನುಷ್ಯನಾ ಅಂತ ಒಳಗೊಳಗೇ ಉಗಿದುಕೊಳ್ಳುತ್ತಿದ್ದ.

ಆರನೇ ದಿನ ಅಕ್ಕ ಒಂದು ಚೀಟಿ ತೋರಿಸಿದರು. "ನಾಳೆ ಥಾಣೆಯಲ್ಲಿ ಮರೆವಿನ ಡಾಕ್ಟರ ಹತ್ರ ನಂಬರ್ ಹಾಕಿದ್ದೇನೆ. ಇವರನ್ನು ಇನ್ನು ನನ್ನ ಕೈಲಿ ಬಿಡಬಾರದು ಮಾರಾಯ. ಗ್ಯಾಸ್ ಹಚ್ಚಲಿಕ್ಕೂ ಹೆದರಿಕೆ."

ಅಂಬರೀಶನಿಗೆ ತಡೆಯಲಾಗಲಿಲ್ಲ. "ಅಕ್ಕ, ನೀವು ಹನ್ನೆರಡಕ್ಕೇ ಕೊಟ್ಟದ್ದು. ದಿನವೂ ಹನ್ನೆರಡಕ್ಕೇ. ತಪ್ಪು ನಾನು ಬರೆದ ಪ್ರೋಗ್ರಾಮಿನದ್ದು. ನನಗೆ ಐದು ದಿನದಿಂದ ಗೊತ್ತುಂಟು."

ಈಗ ಬೈಗುಳ ಬೀಳುತ್ತದೆ ಅಂತ ತಲೆ ತಗ್ಗಿಸಿ ನಿಂತ. ಅಕ್ಕ ಅವನತ್ತ ನೋಡಲೇ ಇಲ್ಲ. ಮಂಚದ ಮೇಲಿದ್ದ ಗಂಡನ ಕೈ ಹಿಡಿದು, "ಕೇಳಿತಾ ನಿಮಗೆ? ನಾನು ಹನ್ನೆರಡಕ್ಕೇ ಕೊಟ್ಟಿದ್ದೆನಂತೆ" ಅಂದವರೇ ಗೊಳೋ ಅಂತ ಅತ್ತುಬಿಟ್ಟರು.