ಎಡಗಡೆಯ ಡಬ್ಬ

ದೆವ್ವ, ಶಕುನ ಎಂದರೆ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ಇನ್ನೇನು ಮಾಡಬೇಕು? ಈಗಲೂ ನಂಬುವುದಿಲ್ಲ, ಆದರೆ ಮೊದಲಿನಷ್ಟು ಜೋರಾಗಿ ನಗುವುದೂ ಇಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡು ಎರಡು ವರ್ಷ. ಅವರ ಬೈಕು ಹಲಸೂರಿನ ನಮ್ಮ ಮನೆಯ ಮುಂದೆ ಧೂಳು ಹಿಡಿದು ನಿಂತಿತ್ತು. ಅದರಲ್ಲಿ ಇಬ್ಬರೂ ರಾಮೇಶ್ವರಕ್ಕೆ ಹೋಗಬೇಕೆಂದುಕೊಂಡಿದ್ದೆವು. ನನಗೆ ಬೈಕು ಓಡಿಸಲು ಕಲಿಸಿದವರೂ ಅವರೇ. ಒಬ್ಬಳೇ ಹೋಗುತ್ತೇನೆ ಎಂದಾಗ ನಂಟರೆಲ್ಲ ಬೈದರು. ಜೊತೆಗಿದ್ದ ಅತ್ತೆ ಒಂದು ಹೊತ್ತು ಊಟ ಬಿಟ್ಟರು. ನಾನು ಶಾಲೆಗೆ ರಜೆ ಹಾಕಿದೆ.

ಶಿವಾಜಿನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ರಫೀಕ್ ಭಾಯ್ ಬೈಕಿನ ಹಿಂದೆ ಕಬ್ಬಿಣದ ಚೌಕಟ್ಟು ಕೂರಿಸಿ, ಎರಡೂ ಪಕ್ಕಕ್ಕೆ ಬೇಕೆಂದಾಗ ಕಳಚಿಕೊಳ್ಳಬಹುದಾದ ತಗಡಿನ ಡಬ್ಬಗಳನ್ನು ಮಾಡಿಕೊಟ್ಟರು. ಡಬ್ಬ ಕೊಕ್ಕೆಗಳ ಮೇಲೆ ಕೂರುತ್ತಿತ್ತು. ಬೀಗ ತಿರುಗಿಸಿದರೆ ಕೊಕ್ಕೆಗೆ ಅಡ್ಡವಾಗಿ ಒಂದು ಸರಳು ಬೀಳುತ್ತಿತ್ತು. ಕೀಲಿಯಿಲ್ಲದೆ ಡಬ್ಬ ಕಳಚುವಂತಿರಲಿಲ್ಲ. ಇದ್ದದ್ದು ಒಂದೇ ಕೀಲಿ, ಅದು ನನ್ನ ಪರ್ಸಿನಲ್ಲಿತ್ತು.

ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಎಡಗಡೆಯ ಡಬ್ಬ ನೆಲದ ಮೇಲಿತ್ತು. ಬಿದ್ದಿರಲಿಲ್ಲ. ಯಾರೋ ಇಳಿಸಿಟ್ಟ ಹಾಗೆ ನೆಟ್ಟಗೆ ಕೂತಿತ್ತು. ಸರಳು ಮಾತ್ರ ಅಡ್ಡ ಬಿದ್ದೇ ಇತ್ತು.

ಕೂಡಲೇ ಬೈಕನ್ನೂ ಡಬ್ಬವನ್ನೂ ಅಂಗಡಿಗೆ ಒಯ್ದೆ. ರಫೀಕ್ ಭಾಯ್ ಡಬ್ಬವನ್ನು ಮತ್ತೆ ಕೂರಿಸಿ, ಬೀಗ ಹಾಕಿ, ಅದಕ್ಕೆ ಜೋತುಬಿದ್ದು ನೋಡಿದರು. ಅಲ್ಲಾಡಲಿಲ್ಲ. ಕೀಲಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಬಾಗಿಲಲ್ಲೇ ನಿಂತು ಟೀ ಕುಡಿದು ತಿರುಗಿದರೆ ಅದು ಮತ್ತೆ ನೆಲದ ಮೇಲಿತ್ತು. ಸದ್ದೇ ಆಗಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

"ಮೇಡಂ, ಇದು ನನ್ ಕೆಲ್ಸದ ತಪ್ಪಲ್ಲ. ಈ ಡಬ್ಬ ಇಲ್ಲೇ ಬಿಟ್ಬಿಡಿ," ಎಂದರು.

ನಾನು ಬಿಡಲಿಲ್ಲ. ಮನೆಯಲ್ಲಿ ಹೇಳಬಾರದಿತ್ತು, ಹೇಳಿಬಿಟ್ಟೆ. ಅತ್ತೆ ಕಣ್ಣೊರೆಸಿಕೊಂಡು, "ಅವನಿಗೆ ಇಷ್ಟ ಇಲ್ಲ ಕಣಮ್ಮ. ಹೋಗ್ಬೇಡ," ಎಂದರು.

"ಬದುಕಿದ್ದಾಗ ಒಂದಿನಾನೂ ನನ್ನ ತಡೀಲಿಲ್ಲ, ಅತ್ತೆ. ಈಗ ಯಾಕ್ ತಡೀತಾರೆ?"

ಹಾಗೆಂದೆನಾದರೂ ಆ ರಾತ್ರಿ ಎರಡು ಸಲ ಎದ್ದು ಡಬ್ಬವನ್ನು ನೋಡಿ ಬಂದೆ.

ಎರಡು ದಿನ ಬಿಟ್ಟು ನಸುಕಿನಲ್ಲೇ ಹೊರಟೆ. ಕೃಷ್ಣರಾಜಪುರದ ತೂಗುಸೇತುವೆ ದಾಟಿ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ನಲ್ಲಿಯಲ್ಲಿ ಮುಖ ತೊಳೆದು ಬಂದೆ. ಎಡಗಡೆಯ ಡಬ್ಬ ನೆಲದ ಮೇಲಿತ್ತು. ಬಂಕಿನವನು, "ಯಾರೂ ಬರ್ಲಿಲ್ಲ ಮೇಡಂ, ನಾನ್ ಇಲ್ಲೇ ಇದ್ನಲ್ಲ," ಎಂದ.

ಹಿಂತಿರುಗಿದರೆ ಅರ್ಧ ಗಂಟೆಯಲ್ಲಿ ಮನೆ. ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆ ಸಮಾಧಾನ ನೆನೆದೇ ನನಗೆ ಸಿಟ್ಟು ನೆತ್ತಿಗೇರಿತು. ಮೊಣಕಾಲೂರಿ ಡಬ್ಬವನ್ನು ಎತ್ತಿ ಕೊಕ್ಕೆಗೆ ಕೂರಿಸುತ್ತ ಗಟ್ಟಿಯಾಗಿಯೇ ಹೇಳಿದೆ:

"ಯಾರೇ ಆಗಿರು, ಕೇಳಿಸ್ಕೋ. ಹತ್ತು ಸಲ ಇಳಿಸು, ಹನ್ನೊಂದನೇ ಸಲ ಹಾಕ್ತೀನಿ. ನಾನಂತೂ ಹೋಗೋಳೇ."

ಬಂಕಿನವನು ಎರಡು ಹೆಜ್ಜೆ ಹಿಂದೆ ಸರಿದ.

ಹನ್ನೆರಡು ದಿನ ಓಡಿಸಿದೆ. ಗುಂಡಿ, ಮರಳು, ಸಮುದ್ರದ ಗಾಳಿ ಏನೇ ಬಂದರೂ ಡಬ್ಬ ಒಮ್ಮೆಯೂ ಕಳಚಲಿಲ್ಲ. ಸಾಮಾನಿನ ಭಾರಕ್ಕೆ ಗಟ್ಟಿಯಾಗಿ ಕೂತಿದೆ ಎಂದರು ರಫೀಕ್ ಭಾಯ್. ಮಗ ಕೊನೆಗೆ ಒಪ್ಪಿಕೊಂಡ ಎಂದರು ಅತ್ತೆ. ಬೀಗ ಹಾಕಿದ ಡಬ್ಬವನ್ನು ಕೀಲಿಯಿಲ್ಲದೆ ತೆಗೆಯಲು ನಾನೇ ಎಷ್ಟೋ ಸಲ ಎಳೆದು, ಒದ್ದು ನೋಡಿದ್ದೇನೆ. ಆಗಿಲ್ಲ. ಆ ಮೂರು ಸಲ ಅದನ್ನು ಯಾರು ಇಳಿಸಿದರು, ಹೇಗೆ ಇಳಿಸಿದರು, ನನಗೆ ಗೊತ್ತಿಲ್ಲ.

ಮುಂದಿನ ವರ್ಷ ಅದೇ ಡಬ್ಬಗಳನ್ನು ಹಾಕಿಕೊಂಡು ಹಂಪಿಗೆ ಹೋದೆ. ಹೊರಡುವ ಮುನ್ನ ಇದ್ದವರನ್ನೂ ಕೇಳಲಿಲ್ಲ, ಇಲ್ಲದವರನ್ನೂ ಕೇಳಲಿಲ್ಲ.